ಕೆಂಪಾದ ಹಿತ್ತಾಳೆ

ಪುಣೆಯ ವಿಶ್ವವಿದ್ಯಾಲಯದ ನಮ್ಮ ಭೌತಶಾಸ್ತ್ರ ವಿಭಾಗದ ಜಾಲತಾಣದಲ್ಲಿ 'ಸಂಶೋಧನಾ ಕ್ಷೇತ್ರಗಳು' ಅಂತ ಒಂದು ಪುಟ ಇದೆ. ತೆಳುಪದರ, ಅತಿ ಶೀತ, ಲೇಸರ್, ಪರಮಾಣು ಬೀಜ, ಸೈದ್ಧಾಂತಿಕ ಭೌತಶಾಸ್ತ್ರ ಎಂದು ಸಾಲಾಗಿ ಹೆಸರುಗಳು, ಒಂದೊಂದರ ಕೆಳಗೆ ಪ್ರಾಧ್ಯಾಪಕರ ಫೋಟೋ. ವಿಭಾಗದ ವರ್ಕ್‌ಶಾಪಿನ ಹೆಸರು ಅಲ್ಲಿಲ್ಲ. ಇರಬೇಕೆಂದು ನನ್ನ ತಕರಾರೇನೂ ಇಲ್ಲ. ಆದರೆ ಆ ಪುಟದ ಪ್ರತಿಯೊಂದು ಕ್ಷೇತ್ರವೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಬೆಂಚಿನ ಮುಂದೆ ಬಂದು ನಿಂತಿದೆ. ಒಂದು ಕೈಯಲ್ಲಿ ಮುರಿದ ಸಾಮಾನು, ಇನ್ನೊಂದು ಕೈಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ಚಿತ್ರ.

ಈ ವರ್ಷ ವರ್ಕ್‌ಶಾಪಿಗೆ ಮೂವರು ಹೊಸಬರು ಸೇರಿದ್ದಾರೆ. ಅವರಿಗೆ ನಾಲ್ಕು ಮಾತು ಹೇಳಿ ಎಂದು ವಿಭಾಗದ ಮುಖ್ಯಸ್ಥರು ನಿವೃತ್ತನಾದ ನನ್ನನ್ನು ಕರೆಸಿದ್ದರು. ಹೋದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಲೇತ್ ಮುಂದೆ ಸಡಿಲ ತೋಳಿನ ಅಂಗಿ ಬೇಡ ಎಂದು ಹತ್ತು ನಿಮಿಷ ಮಾತಾಡಿ, ಚಹಾ ಕುಡಿದು ಮನೆಗೆಂದು ನಿಗಡಿಯ ಬಸ್ಸು ಹತ್ತಿದೆ. ಹೇಳಬೇಕಾದದ್ದು ಒಂದನ್ನೂ ಹೇಳಲಿಲ್ಲ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ಮೂವರಲ್ಲಿ ರೇಣುಕಾ ಎಂಬಾಕೆ ಕಲಬುರಗಿ ಕಡೆಯವಳು. ತಂದೆ ಇಲ್ಲೇ ಪುಣೆಯ ಕೊಂಢವಾದಲ್ಲಿ ಗೌಂಡಿ. ಸಣ್ಣವಳಿದ್ದಾಗ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋದದ್ದರಿಂದ ಓದಲು ಬರುತ್ತದೆ ಅಂದಳು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಿಕ್ಕ ಇಬ್ಬರಿಗೆ ಅವಳೇ ಮರಾಠಿಯಲ್ಲಿ ಹೇಳಲಿ.

ನಾನು ಭೌತಶಾಸ್ತ್ರ ಓದಿದವನಲ್ಲ. ಸವದತ್ತಿ ಕಡೆಯ ಬಡಿಗೇರ ಮನೆತನ ನಮ್ಮದು. ಬೆಳಗಾವಿಯಲ್ಲಿ ಐ.ಟಿ.ಐ. ಫಿಟ್ಟರ್ ಮುಗಿಸಿ ಪುಣೆಗೆ ಬಂದವನು ಎರಡು ವರ್ಷ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಕೂಟರಿನ ಬಿಡಿಭಾಗ ಮಾಡಿದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಥರದ ತುಂಡು. ವಿಶ್ವವಿದ್ಯಾಲಯದ ವರ್ಕ್‌ಶಾಪಿಗೆ ಬಂದ ಮೇಲೆ ಒಂದು ತುಂಡನ್ನು ಎರಡನೇ ಸಲ ಮಾಡುವ ಪ್ರಸಂಗವೇ ಅಪರೂಪವಾಯಿತು. ಅತಿ ಶೀತದವರ ಪಾತ್ರೆಯೊಳಗೆ ಬಿಸಿ ಹೋಗಬಾರದು. ಲೇಸರಿನವರ ಮೇಜು ಅಲುಗಾಡಬಾರದು. ಪಕ್ಕದ ಕೋಣೆಯಲ್ಲಿ ಯಾರಾದರೂ ಕಪಾಟು ಎಳೆದರೆ ಓಡಿ ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಪರಮಾಣು ಬೀಜದವರ ಸೀಸದ ಇಟ್ಟಿಗೆಗಳ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ತೆಳುಪದರದವರಿಗೆ ಗಾಳಿ ಸೋರಬಾರದು. ಯಾರಿಗೆ ಏನು ಆಗಬಾರದು ಎಂಬುದರಿಂದಲೇ ನಾನು ಭೌತಶಾಸ್ತ್ರ ಕಲಿತೆ.

ಸೈದ್ಧಾಂತಿಕದವರು ಮಾತ್ರ ವರ್ಕ್‌ಶಾಪಿನ ಕಡೆ ತಲೆ ಹಾಕುತ್ತಿರಲಿಲ್ಲ. ಅವರಿಗೆ ಕರಿಹಲಗೆ ಇದ್ದರೆ ಆಯಿತು. ಹನ್ನೆರಡು ವರ್ಷ ಕಾರಿಡಾರಿನಲ್ಲಿ ಬರೀ ನಮಸ್ಕಾರ ಹೇಳಿ ಹೋಗುತ್ತಿದ್ದ ಒಬ್ಬ ಪ್ರೊಫೆಸರು ಒಂದು ಮಧ್ಯಾಹ್ನ ಸಂಕೋಚಪಡುತ್ತ ಬಂದು, ಎರಡು ಕಬ್ಬಿಣದ ಪಟ್ಟಿಗಳನ್ನು ಒಂದರ ತುದಿಗೆ ಒಂದು ಜೋಡಿಸಿ ತೂಗಾಡುವಂತೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಬೇರಿಂಗ್ ಹಾಕಿ ಒಂದು ಗಂಟೆಯಲ್ಲಿ ಮಾಡಿಕೊಟ್ಟೆ. ಕೆಳಗಿನ ಪಟ್ಟಿ ಒಮ್ಮೆ ಹೀಗೆ, ಒಮ್ಮೆ ಹಾಗೆ, ಯಾವ ಲೆಕ್ಕಕ್ಕೂ ಸಿಗದೆ ಕುಣಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಕಾಗದದ ಮೇಲೆ ಇದನ್ನೇ ಬಿಡಿಸುತ್ತಿದ್ದರಂತೆ. ಕಣ್ಣಿನಿಂದ ನೋಡಿದ್ದು ಅಂದೇ ಮೊದಲು. ನನ್ನ ಸ್ಟೂಲ್ ಎಳೆದುಕೊಂಡು ಸಂಜೆಯವರೆಗೂ ಅದರ ಮುಂದೆ ಕೂತಿದ್ದರು. ಮಕ್ಕಳಿಗೆ ತೋರಿಸುತ್ತೇನೆ ಎಂದು ಮನೆಗೂ ಒಯ್ದರು.

ನಾನು ಸೇರಿದಾಗ ವರ್ಕ್‌ಶಾಪಿನ ಮುಖ್ಯಸ್ಥರಾಗಿದ್ದವರು ಜೋಗಳೇಕರ ಸಾಹೇಬರು. ಕಡ್ಡಿಯಂಥ ಆಳು, ಇಸ್ತ್ರಿ ಮಾಡಿದ ಖಾಕಿ ಕೋಟು. ಅವರ ಜೊತೆಗೂ ಮಿಕ್ಕವರ ಜೊತೆಗೂ ನಾನು ಮಾತಾಡಿದ್ದು ಮರಾಠಿಯಲ್ಲಿ. ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಅವರದು ಒಂದೇ ಶಿಸ್ತು. ಯಾವ ಯಂತ್ರಕ್ಕೆ ಕೈ ಹಚ್ಚಿದರೂ, ಏನು ಬಿಚ್ಚಿದೆ, ಏನು ಹಾಕಿದೆ ಎಂದು ಆ ಯಂತ್ರದ ಲಾಗ್‌ಬುಕ್ಕಿನಲ್ಲಿ ಬರೆಯಬೇಕು.

ಮೊದಲ ವರ್ಷವೇ ಅವರ ಮುಂದೆ ನನ್ನ ಮಾನ ಹೋಯಿತು. ತೆಳುಪದರದ ಲ್ಯಾಬಿನಲ್ಲಿ ದೊಡ್ಡ ಸ್ಟೀಲಿನ ಡಬ್ಬಿಯಂಥ ಒಂದು ಚೇಂಬರ್ ಇದೆ. ಪಂಪಿನಿಂದ ಅದರ ಗಾಳಿಯನ್ನೆಲ್ಲ ಹೊರಗೆಳೆಯಬೇಕು. ಆಮೇಲೆ ಒಳಗೆ ಒಂದು ಚೂರು ಲೋಹ ಕಾಯಿಸಿದರೆ ಅದು ಆವಿಯಾಗಿ, ಹಾಲಿನ ಪಾತ್ರೆಯ ಮುಚ್ಚಳಕ್ಕೆ ಹಬೆ ಕೂತ ಹಾಗೆ, ಮೇಲಿಟ್ಟ ಗಾಜಿನ ಪಟ್ಟಿಗಳ ಮೇಲೆ ತೆಳ್ಳಗೆ ಕೂರುತ್ತದೆ. ಅಂದು ಎಷ್ಟು ಎಳೆದರೂ ಗಾಳಿ ಖಾಲಿಯಾಗಲಿಲ್ಲ. ಎಲ್ಲೋ ಸೋರುತ್ತಿತ್ತು. ಆಗ ಸೋರಿಕೆ ಹುಡುಕುವ ಯಂತ್ರ ನಮ್ಮಲ್ಲಿರಲಿಲ್ಲ. ಒಂದೊಂದು ಜೋಡಣೆಯ ಮೇಲೂ ಸ್ಪಿರಿಟ್ಟಿನ ಹನಿ ಬಿಟ್ಟು ಗೇಜಿನ ಮುಳ್ಳು ಜಿಗಿಯುತ್ತದೆಯೇ ಎಂದು ನೋಡಬೇಕು. ಮೂರು ದಿನ ನೋಡಿದೆ. ನಾಲ್ಕನೇ ದಿನ ಸಾಹೇಬರು ಬಂದು ಮುಚ್ಚಳ ಎತ್ತಿಸಿ, ರಬ್ಬರ್ ರಿಂಗಿನ ಮೇಲೆ ಬೆರಳಾಡಿಸಿ ಒಂದು ಕೂದಲು ಎತ್ತಿದರು. ಉದ್ದ ಗುಂಗುರು ಕೂದಲು. ಲ್ಯಾಬಿನಲ್ಲಿ ಅಂಥ ಕೂದಲು ಇದ್ದದ್ದು ನನಗೊಬ್ಬನಿಗೇ.

"ಬಡಿಗೇರ, ಸಂಜೀಕ ಕಟಿಂಗ್ ಮಾಡಿಸ್ಕೊ," ಅಂದು ಹೊರಟುಹೋದರು. ಮಾಡಿಸಿಕೊಂಡೆ. ನಿವೃತ್ತಿಯವರೆಗೂ ಉದ್ದ ಬಿಡಲಿಲ್ಲ.

ಆದರೆ ಹೊಸಬರಿಗೆ ನಾನು ನಿಜವಾಗಿ ಹೇಳಬೇಕಾದ ಪ್ರಸಂಗ ಬೇರೆ. ನನ್ನ ನೌಕರಿ ಅರ್ಧ ಮುಗಿದಿತ್ತು. ಎಲ್ಲರೂ 'ಬಡಿಗೇರ ಕಾಕಾ' ಎನ್ನುವಷ್ಟು ಹಳಬನಾಗಿದ್ದೆ. ತೆಳುಪದರದ ಲ್ಯಾಬು ಆಗ ಪದ್ಮಜಾ ಮೇಡಮ್ ಅವರದು. ಧಾರವಾಡದವರು, ವಿಭಾಗದಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಅವರ ಕೈಕೆಳಗೆ ವೈಶಾಲಿ ಎಂಬ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಊರು ಬಾರಾಮತಿ. ಅವಳ ತಂದೆ ಅಲ್ಲೊಂದು ಹಾಲು ತಂಪು ಮಾಡುವ ಕೇಂದ್ರದಲ್ಲಿ ಆಪರೇಟರ್. ಆ ತಂಪು ಯಂತ್ರಗಳಲ್ಲಿ ಅಮೋನಿಯಾ ಹರಿಯುತ್ತದೆ. ಒಮ್ಮೆ ಪೈಪು ಸೋರಿ, ತಂದೆಯ ಜೊತೆಗಾರನೊಬ್ಬ ಕಣ್ಣು ಕಳೆದುಕೊಂಡಿದ್ದ. ವೈಶಾಲಿಗೆ ಅಮೋನಿಯಾ ಸೋರಿದ ಕೂಡಲೇ ಹೇಳುವ ಒಂದು ಪದರ ಮಾಡಬೇಕಿತ್ತು. ಗಾಜಿನ ಮೇಲೆ ತವರ ಕೂರಿಸಿ, ಅದನ್ನು ಆಕ್ಸೈಡ್ ಮಾಡಿ ಕಾಯಿಸಿಟ್ಟರೆ, ಅಮೋನಿಯಾ ತಗುಲಿದಾಗ ಅದರಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ. ಬೇರೆಯವರೂ ಮಾಡಿದ್ದರು, ಆದರೆ ಅವರ ಪದರವನ್ನು ಬಹಳ ಕಾಯಿಸಬೇಕಾಗುತ್ತಿತ್ತು, ಉತ್ತರ ಬರುವುದೂ ನಿಧಾನ.

ಒಂದು ದಿನ ಮಧ್ಯಾಹ್ನ ವೈಶಾಲಿ ಬಂದು, ಚೇಂಬರಿನಲ್ಲಿ ಗಾಜಿನ ಪಟ್ಟಿ ಹಿಡಿಯುವ ತಟ್ಟೆ ಸಡಿಲಾಗಿದೆ ಅಂದಳು. ಹೀಟರಿನ ಪಕ್ಕದಲ್ಲೇ ಇರುವ ತಟ್ಟೆ ಅದು. ನಾಲ್ಕು ಸಣ್ಣ ಸ್ಟೀಲ್ ಸ್ಕ್ರೂ ಅದನ್ನು ಹಿಡಿದಿರುತ್ತವೆ. ಸ್ಕ್ರೂಗಳ ತಲೆ ಸವೆದಿತ್ತು. ಸ್ಟೋರಿನಲ್ಲಿ ಆ ಅಳತೆಯ ಸ್ಟೀಲ್ ಸ್ಕ್ರೂ ಮುಗಿದಿದ್ದವು. ಜೋಗಳೇಕರ ಸಾಹೇಬರು ಮಗಳ ಮದುವೆಗೆಂದು ರಜೆಯ ಮೇಲಿದ್ದರು. ಡಬ್ಬಿಯಲ್ಲಿ ಅದೇ ಅಳತೆಯ ಹಿತ್ತಾಳೆ ಸ್ಕ್ರೂ ಇದ್ದವು. ಬಿಸಿಯಾಗುವ ಚೇಂಬರಿನೊಳಗೆ ಹಿತ್ತಾಳೆ ಬೇಡ ಎಂದು ಸಾಹೇಬರು ಎಂದೋ ಹೇಳಿದ್ದು ನೆನಪಿತ್ತು. ಯಾಕೆ ಬೇಡ ಎಂದು ನಾನು ಕೇಳಿರಲಿಲ್ಲ. ಎರಡು ದಿನದ ಮಟ್ಟಿಗೆ ಇರಲಿ ಎಂದು ಅವನ್ನೇ ಬಿಗಿದೆ. ಎರಡು ದಿನದ್ದು ಎಂದುಕೊಂಡದ್ದರಿಂದ ಲಾಗ್‌ಬುಕ್ಕಿನಲ್ಲೂ ಬರೆಯಲಿಲ್ಲ. ಆಮೇಲೆ ಮರೆತೆ.

ಅದಾದ ಸ್ವಲ್ಪ ದಿನಕ್ಕೆ ವೈಶಾಲಿಯ ಪದರಗಳು ಚುರುಕಾದವು. ಕಡಿಮೆ ಬಿಸಿಯಲ್ಲೇ, ಅಮೋನಿಯಾ ಸೋಕಿದ ಕೂಡಲೇ ಮುಳ್ಳು ಏಳುತ್ತಿತ್ತು. ಲ್ಯಾಬಿನಲ್ಲಿ ಬಾಕರವಡಿ ಹಂಚಿದರು. ಮೇಡಮ್ ಒಂದು ಪತ್ರಿಕೆಗೆ ಲೇಖನ ಕಳಿಸಿದರು. ಮುಂಬಯಿಯ ಒಂದು ದೊಡ್ಡ ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡಲು ಕರೆ ಬಂತು. ವೈಶಾಲಿ ಪ್ರಬಂಧ ಬರೆಯಲು ಕೂತಳು.

ಹತ್ತು ತಿಂಗಳಾಗಿತ್ತು. ಒಂದು ಸೋಮವಾರ ಚೇಂಬರ್ ಸ್ವಚ್ಛ ಮಾಡಲು ಬಿಚ್ಚಿದಾಗ ಆ ನಾಲ್ಕು ಸ್ಕ್ರೂ ನನ್ನ ಅಂಗೈಗೆ ಬಂದವು. ಹಾಕುವಾಗ ಹಳದಿ ಇದ್ದವು. ಈಗ ತಾಮ್ರದ ಹಾಗೆ ಕೆಂಪಗಾಗಿದ್ದವು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಎಂಬುದು ಫಿಟ್ಟರ್ ಕೆಲಸ ಕಲಿತವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಂಪು ಉಳಿದಿದೆ ಅಂದರೆ ಸತು ಹೊರಟುಹೋಗಿದೆ. ಗಾಳಿ ಇಲ್ಲದ ಕಡೆ, ಆ ಬಿಸಿಯಲ್ಲಿ, ಸತು ಆವಿಯಾಗಿ ಮೊದಲು ಕೂರುವ ಜಾಗ ಪಕ್ಕದಲ್ಲಿದ್ದ ಗಾಜಿನ ಪಟ್ಟಿಗಳು. ವೈಶಾಲಿ ಶುದ್ಧ ತವರ ಅಂದುಕೊಂಡದ್ದರಲ್ಲಿ ಹತ್ತು ತಿಂಗಳಿಂದ ನನ್ನ ಸ್ಕ್ರೂಗಳ ಸತು ಬೆರೆತಿತ್ತು. ಹೆಸರು ತಂದ ಗುಣವೆಲ್ಲ ಅದರದೇ ಇರಬೇಕು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡೆ. ಹೊಸ ಸ್ಟೀಲ್ ಸ್ಕ್ರೂ ಬಿಗಿದೆ. ಚೇಂಬರನ್ನು ಉಜ್ಜಿ ಉಜ್ಜಿ ತೊಳೆದು ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಮಂಗಳವಾರ ವೈಶಾಲಿ ಮಾಡಿದ ಪದರ ಸಪ್ಪೆಯಾಯಿತು. ಬುಧವಾರದ್ದೂ ಸಪ್ಪೆ. ಗಾಜಿನ ಪಟ್ಟಿ ಸರಿಯಾಗಿ ತೊಳೆಯಲಿಲ್ಲವೇನೋ ಎಂದು ಮೂರು ಸಲ ತೊಳೆದಳು, ಐದು ಸಲ ತೊಳೆದಳು. ಸಮ್ಮೇಳನಕ್ಕೆ ಇನ್ನು ಹದಿನೈದು ದಿನ. ಶುಕ್ರವಾರ ಬೆಳಿಗ್ಗೆ ನಾನು ಲ್ಯಾಬಿಗೆ ಹೋದಾಗ ಅವಳು ಸಿಂಕಿನ ಮುಂದೆ ನಿಂತಿದ್ದಳು. ತೊಳೆಯುವ ದ್ರಾವಣಕ್ಕೆ ಬೆರಳ ತುದಿಗಳೆಲ್ಲ ಬಿರಿದಿದ್ದವು.

"ಕಾಕಾ, ನನ್ನ ಕೈಗೇ ಏನೋ ಆಗ್ಯದ," ಅಂದಳು. "ಮೊದಲ ಬರ್ತಿತ್ತು. ಈಗ ಬರವಲ್ದು."

ನನ್ನ ಜೇಬಿನಲ್ಲಿ ಆ ಸ್ಕ್ರೂ ಇನ್ನೂ ಇದ್ದವು. ಅಲ್ಲಿಂದ ನೆಟ್ಟಗೆ ಮೇಡಮ್ ಅವರ ಕೋಣೆಗೆ ಹೋದೆ.

"ಏನ್ರೀ ಶಂಕರಪ್ಪ, ಮಾರಿ ಯಾಕ ಹಿಂಗಾಗ್ಯದ?" ಅಂದರು.

ನಾಲ್ಕನ್ನೂ ಮೇಜಿನ ಮೇಲಿಟ್ಟೆ. "ಮೇಡಮ್, ಇವು ಹಿತ್ತಾಳಿವು. ಹೀಟರಿನ ಬಾಜೂಕ ಇದ್ದೂರಿ. ಹತ್ತ ತಿಂಗಳ ಹಿಂದ ನಾನ ಹಾಕಿದ್ದೆ. ಬರದಿಟ್ಟಿಲ್ರಿ."

ಅವರು ಒಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ತಿರುಗಿಸಿ ನೋಡಿದರು.

"ಸತು ಹೋಗ್ಯದ," ಅಂದರು.

"ಹೌದ್ರಿ."

"ಇವತ್ತ ಕಂಡೀರೇನು?"

ಹೌದು ಎಂದುಬಿಡಬಹುದಿತ್ತು. "ಇಲ್ರಿ. ಸೋಮವಾರ," ಅಂದೆ.

ಅವರು ಕುರ್ಚಿಯಲ್ಲಿ ಕೂತರು. ಸಿಟ್ಟು ಮಾಡುವುದು ಅವರ ಸ್ವಭಾವವಲ್ಲ. ಅಂದೂ ದನಿ ಏರಲಿಲ್ಲ. "ಸ್ಕ್ರೂದ ತಪ್ಪು ಯಾರ ಕೈಯಾಗರೆ ಆಗ್ತದ್ರಿ. ಆದರ ಆ ಹುಡುಗಿ ನಾಕ ದಿನದಿಂದ ತನ್ನ ಕೈಯ ಸರಿ ಇಲ್ಲಂತ ತಿಳಕೊಂಡಾಳ. ಇದನ್ನ ಮರೀಲಿಕ್ಕೆ ನನಗ ಸ್ವಲ್ಪ ಟೈಮ್ ಬೇಕು." ಸ್ಕ್ರೂಗಳನ್ನು ನನ್ನ ಕಡೆ ಸರಿಸಿದರು. "ಆಕೀಗೆ ನಾ ಹೇಳೂದಿಲ್ಲ. ನೀವ ಹೋಗಿ ಹೇಳ್ರಿ."

ಹೇಳಿದೆ. ಸಿಂಕಿನ ಪಕ್ಕದಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ, ಜೇಬಿನ ಸಂಗತಿಯನ್ನೂ ಬಿಡದೆ ಹೇಳಿದೆ. ಅವಳು ನಡುವೆ ಒಂದೇ ಸಲ ಬಾಯಿ ತೆರೆದಳು.

"ಎಲ್ಲಾ ಸ್ಯಾಂಪಲ್‌ನಾಗೂ ಅದ ಏನು?"

"ಹತ್ತ ತಿಂಗಳಿಂದ ಮಾಡಿದ್ದು ಎಲ್ಲಾದರಾಗೂ."

ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. "ಅಂದ್ರ ನನ್ನ ಕೈ ಸರೀನ ಇತ್ತು," ಅಂದು ಚೀಲ ತಗೊಂಡು ಹೊರಟುಹೋದಳು. ಸಂಜೆಯ ಬಸ್ಸಿಗೆ ಬಾರಾಮತಿಗೆ ಹೋದಳೆಂದು ಆಮೇಲೆ ತಿಳಿಯಿತು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಜೋಗಳೇಕರ ಸಾಹೇಬರಿಗೂ ಹೇಳಿದೆ. ಅವರು ಕೇಳಿದ್ದು ಲಾಗ್‌ಬುಕ್ಕು. ಪುಟ ತಿರುವಿ, ಹತ್ತು ತಿಂಗಳ ಹಿಂದಿನ ಸಾಲುಗಳ ನಡುವೆ ಉಳಿದಿದ್ದ ಜಾಗದಲ್ಲಿ ಬರೆಯಲು ಹೋದೆ. ಕೈ ಹಿಡಿದರು. "ಹಳೇ ತಾರೀಖಿನಾಗ ತುರುಕಬ್ಯಾಡ. ಇವತ್ತಿನ ತಾರೀಖು ಹಾಕು. ಅವತ್ತು ಮಾಡಿದೆ, ಇವತ್ತು ಬರೀಲಿಕ್ಕತ್ತೀನಿ ಅಂತ ಬರಿ." ಹಾಗೇ ಬರೆದೆ. ಆ ಪುಸ್ತಕ ಈಗಲೂ ಲ್ಯಾಬಿನ ಕಪಾಟಿನಲ್ಲಿದೆ; ಹೊಸಬರು ತೆಗೆದು ನೋಡಬಹುದು.

ಮೇಡಮ್ ಪತ್ರಿಕೆಗೆ ಬರೆದು ಲೇಖನ ವಾಪಸ್ ತರಿಸಿಕೊಂಡರು. ಸಮ್ಮೇಳನಕ್ಕೆ ಹೋಗುವುದಿಲ್ಲವೇನೋ ಅಂದುಕೊಂಡಿದ್ದೆ. ಹೋದರು; ನನ್ನನ್ನೂ ಕರೆದುಕೊಂಡು ಹೋದರು. ದೊಡ್ಡ ಸಭಾಂಗಣ. ನಾನು ಹಿಂದಿನ ಸಾಲಿನಲ್ಲಿ ಮೊಣಕಾಲು ಜೋಡಿಸಿ ಕೂತಿದ್ದೆ. ಅವರು ಪದರದ ಹೆಗ್ಗಳಿಕೆಯ ಮಾತು ಎತ್ತಲೇ ಇಲ್ಲ. ಪರದೆಯ ಮೇಲೆ ಆ ಕೆಂಪು ಸ್ಕ್ರೂವಿನ ಫೋಟೋ ಹಾಕಿ, ತಮ್ಮ ಫಲಿತಾಂಶ ಹೇಗೆ ತಪ್ಪಾಗಿತ್ತು ಎಂದು ಹದಿನೈದು ನಿಮಿಷ ವಿವರಿಸಿದರು. ಕೊನೆಗೆ, ಇದನ್ನು ಕಂಡುಹಿಡಿದವರು ನಮ್ಮ ವರ್ಕ್‌ಶಾಪಿನ ಬಡಿಗೇರ ಎಂದು ಕೈ ಮಾಡಿ ತೋರಿಸಿದರು. ಜನ ತಿರುಗಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ. "ಮೇಡಮ್, ಕಂಡುಹಿಡದಾಂವ ನಾನು ಅಂದ್ರಿ. ಮಾಡಿದಾಂವನೂ ನಾನ ಅಂತ ಹೇಳಲಿಲ್ಲ."

"ಎರಡೂ ಖರೇ ಅದಾವ್ರಿ ಶಂಕರಪ್ಪ," ಅಂದರು. "ನನಗ ಕೊಟ್ಟ ಟೈಮಿನಾಗ ಒಂದ ಹೇಳಲಿಕ್ಕಾತು." ಕಿಟಕಿಯ ಹೊರಗೆ ನೋಡಿ ಸಣ್ಣಗೆ ನಕ್ಕರು. ಆ ನಾಲ್ಕು ದಿನ ಅವರು ಮರೆತದ್ದು ಆವಾಗ ಎಂದು ನಾನು ತಿಳಿದಿದ್ದೇನೆ.

ವೈಶಾಲಿ ಊರಿಗೆ ಹೋದ ಒಂದು ವಾರಕ್ಕೆ, ಸಮ್ಮೇಳನಕ್ಕೂ ಮೊದಲೇ, ವಾಪಸ್ ಬಂದಿದ್ದಳು. ನೇರವಾಗಿ ನನ್ನ ಬೆಂಚಿಗೆ ಬಂದು, ಅದೇ ಡಬ್ಬಿಯ ಹೊಸ ಹಿತ್ತಾಳೆ ಸ್ಕ್ರೂ ನಾಲ್ಕು ಬೇಕು ಅಂದಳು. ಹಳೆಯವನ್ನೂ ಹೊಸವನ್ನೂ ತೂಗಿ, ಎಷ್ಟು ಸತು ಹೋಗಿದೆ ಎಂದು ಲೆಕ್ಕ ಹಾಕಿದಳು. ಮಾರನೇ ದಿನ ಮತ್ತೆ ಬಂದು ಸ್ಟೂಲ್ ಮೇಲೆ ಕೂತಳು.

"ಕಾಕಾ, ಸತು ಕರೀದ ಬಂದು ಕೂತಾಗನ ಇಷ್ಟ ಛಲೋ ಆತು. ಅಳತಿ ಮಾಡಿ ಕೂರಿಸಿದ್ರ?"

ಅಳತೆ ಮಾಡಿ ಕೂರಿಸಲು ಚೇಂಬರಿನೊಳಗೆ ಲೋಹ ಕಾಯಿಸುವ ಎರಡನೆಯ ಮೂಸೆ ಬೇಕಿತ್ತು, ಅದಕ್ಕೆ ಬೇರೆ ಹೀಟರು, ಬೇಕಾದಾಗ ತೆರೆದು ಮುಚ್ಚುವ ಒಂದು ಮುಚ್ಚಳ. ಮುಚ್ಚಳವನ್ನು ಹೊರಗಿನಿಂದ ತಿರುಗಿಸಬೇಕು, ಆದರೆ ಒಂದು ಚೂರೂ ಗಾಳಿ ಒಳಗೆ ಹೋಗಬಾರದು. ಆರು ಸಲ ಮಾಡಿದೆ, ಐದು ಸಲ ಸೋರಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೆ ಇಲ್ಲ. ಪ್ರತಿ ಸಲವೂ ಏನು ಬಿಚ್ಚಿದೆ, ಏನು ಹಾಕಿದೆ, ಯಾವ ಲೋಹ ಎಂದು ಬರೆದೆ. ವೈಶಾಲಿ ನನ್ನ ಪುಸ್ತಕ ನೋಡಿ ತನ್ನ ಪುಸ್ತಕ ಬರೆಯುತ್ತಿದ್ದಳು.

ಒಂದು ವರ್ಷ ಹಿಡಿಯಿತು. ಬಂದ ಫಲ ಮೊದಲಿನಷ್ಟು ಅದ್ಭುತವಾಗೇನೂ ಇರಲಿಲ್ಲ. ಅದರ ಅರ್ಧ ಅನ್ನಬಹುದು. ಆದರೆ ಇವತ್ತು ಮಾಡಿದರೂ ಅದೇ, ನಾಳೆ ಮಾಡಿದರೂ ಅದೇ, ಬೇರೆಯವರು ಮಾಡಿದರೂ ಅದೇ. ಅವಳ ಪಿಎಚ್.ಡಿ. ಒಂದೂವರೆ ವರ್ಷ ತಡವಾಗಿ ಮುಗಿಯಿತು. ಆ ಒಂದೂವರೆ ವರ್ಷ ನನ್ನ ತಪ್ಪಿನಿಂದ ಹೋದದ್ದು. ಇದನ್ನು ಅವಳಿಗೆ ಹೇಳಿದಾಗಲೆಲ್ಲ, ಇರಲಿ ಬಿಡ್ರಿ ಕಾಕಾ ಅಂದಳೇ ಹೊರತು ಇಲ್ಲ ಅನ್ನಲಿಲ್ಲ. ಅದೂ ನನಗೆ ಮೆಚ್ಚುಗೆಯೇ.

ಆಮೇಲೆ ವಿಭಾಗದಲ್ಲಿ ಎಲ್ಲ ಬದಲಾಯಿತು. ಎಣ್ಣೆ ಪಂಪುಗಳು ಹೋಗಿ, ಸದ್ದಿಲ್ಲದೆ ತಿರುಗುವ ಟರ್ಬೊ ಪಂಪು ಬಂದವು. ನಾನು ಮೂರು ದಿನ ಹುಡುಕುತ್ತಿದ್ದ ಸೋರಿಕೆಯನ್ನು ಹೀಲಿಯಂ ಯಂತ್ರ ಅರ್ಧ ಗಂಟೆಯಲ್ಲಿ ತೋರಿಸುತ್ತದೆ. ಚಿತ್ರ ಕಂಪ್ಯೂಟರಿನಲ್ಲಿ ಬರುತ್ತದೆ, ಯಂತ್ರವೇ ಕೊರೆಯುತ್ತದೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ; ಬೆನ್ನು ನೋವು ಹಿಡಿಸಿದ್ದು ಹಳೆಯದೇ. ಆದರೆ ಹೊಸಬರು ಒಂದು ನೆನಪಿಡಿ. ಯಂತ್ರಕ್ಕೆ ಏನು ಹಾಕಿದಿರಿ ಎಂಬುದು ನಿಮಗೊಬ್ಬರಿಗೇ ಗೊತ್ತಿರುತ್ತದೆ. ಎದುರಿಗೆ ಕೂತು ಅಳತೆ ಬರೆದುಕೊಳ್ಳುವ ಹುಡುಗ ಹುಡುಗಿಯರು ನಿಮ್ಮನ್ನು ನಂಬಿ ನಾಲ್ಕೈದು ವರ್ಷ ಕೊಟ್ಟಿರುತ್ತಾರೆ. ಹಿರಿಯರು ಬೇಡ ಅಂದರೆ ಯಾಕೆ ಎಂದು ಕೇಳಿ. ಬೈಸಿಕೊಂಡರೂ ಕೇಳಿ. ತಪ್ಪು ಕಂಡ ದಿನವೇ ಹೇಳಿ.

ಪ್ರಬಂಧ ಒಪ್ಪಿಗೆಯಾದ ಮೇಲೆ ಒಂದು ಭಾನುವಾರ ವೈಶಾಲಿ ನನ್ನನ್ನು ಬಾರಾಮತಿಗೆ ಕರೆದುಕೊಂಡು ಹೋದಳು. ತನ್ನ ಪದರವನ್ನು ಒಂದು ಸಣ್ಣ ಡಬ್ಬಿಯಲ್ಲಿ ಕೂರಿಸಿ, ಕೆಂಪು ದೀಪವನ್ನೂ ಕೂಗುವ ಗಂಟೆಯನ್ನೂ ಜೋಡಿಸಿದ್ದಳು. ಅವಳ ತಂದೆ ಹಾಲಿನ ಕೇಂದ್ರದ ಯಂತ್ರದ ಕೋಣೆಗೆ ಒಯ್ದರು. ಬಿಳಿ ಟೋಪಿ, ತೋಳಿನ ತುಂಬ ಹಳೆಯ ಸುಟ್ಟ ಕಲೆ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಅಮೋನಿಯಾ ನೀರಿನ ಒಂದು ಸಣ್ಣ ಬಾಟಲಿ ತಂದು, ಮೂರು ಮಾರು ದೂರ ನಿಂತು ಬಿರಡೆ ತೆಗೆದರು. ಕೂಡಲೇ ಮೂಗು ಮುಚ್ಚಿಕೊಂಡರು. ಒಂದೆರಡು ಕ್ಷಣದ ಮೇಲೆ ಡಬ್ಬಿ ಕೂಗಿತು.

ಅವರು ಬಾಟಲಿ ಮುಚ್ಚಿ ನಗುತ್ತ ಅಂದರು, "ಇಷ್ಟ ವರ್ಷ ಓದಿ ಮಾಡಿದ ಡಬ್ಬಿಗಿಂತ ನನ್ನ ಮೂಗ ಮುಂದ ಅದ ನೋಡವಾ."

"ಹೌದು ಬಾಬಾ," ಅಂದಳು ವೈಶಾಲಿ. "ಆದರ ನಿಮ್ಮ ಮೂಗು ಸಂಜೀ ಆರಕ್ಕ ಮನೀಗೆ ಬರ್ತದ."

ಅವರು ನಗು ನಿಲ್ಲಿಸಿದರು. ಜೊತೆಗಾರ ಕಣ್ಣು ಕಳೆದುಕೊಂಡದ್ದು ಅವರ ಪಾಳಿ ಮುಗಿದ ಮೇಲೆ ಎಂದು ಬಸ್ಸಿನಲ್ಲಿ ವೈಶಾಲಿ ಹೇಳಿದ್ದಳು. ಡಬ್ಬಿ ಎತ್ತಿಕೊಂಡು, ಗೋಡೆಯ ಮೇಲೆ ಎದೆಯ ಮಟ್ಟಕ್ಕೆ ಕೈಯಿಟ್ಟು, ಇಲ್ಲಿ ಹಾಕಬೇಕೇ ಎಂದು ನನ್ನನ್ನು ಕೇಳಿದರು.

"ಅಮೋನಿಯಾ ಗಾಳಿಗಿಂತ ಹಗುರ್ರಿ," ಅಂದೆ. "ಮ್ಯಾಲ ಏರ್ತದ. ಛತ್ತಿಗೆ ಹತ್ತರ ಇರಬೇಕು."

ಅವರೇ ಹೋಗಿ ಏಣಿ ತಂದರು. ಕೆಳಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತರು. ನಾನು ಡ್ರಿಲ್ ತಗೊಂಡು ಮೇಲೆ ಹತ್ತಿದೆ.